ಕೊಲೆಯ ವೀಳ್ಯ, ಮದುವೆಯ ವೀಳ್ಯ

ಅಡಿಕೆ ವೀಳ್ಯದೆಲೆಗಳಿಲ್ಲದೆ ನಮ್ಮ ಕರಾವಳಿಯಲ್ಲಿ ಯಾವ ಮಂಗಳಕಾರ್ಯವೂ ಸಾಗದೆಂಬುದು ಗೃಹಸ್ಥರಾದ ವಾಚಕರಿಗೆಲ್ಲ ವಿದಿತವೇ ಸರಿ. ಕನ್ಯಾದಾನದ ಮಾತು ಸ್ಥಿರವಾಗುವುದು ವೀಳ್ಯದ ವಿನಿಮಯದಿಂದ. ಬಂಧುಗಳನ್ನು ಮದುವೆಗೆ ಕರೆಯುವುದು ವೀಳ್ಯದಿಂದ. ಬಂದವರನ್ನು ಸತ್ಕರಿಸಿ ಬೀಳ್ಕೊಡುವುದೂ ವೀಳ್ಯದಿಂದಲೇ. ಆದರೆ ಈ ವೀಳ್ಯಕ್ಕೆ ಇನ್ನೊಂದು ಮುಖವೂ ಉಂಟು. ಪೂರ್ವಕಾಲದಲ್ಲಿ ಅರಸನು ಸಭಾಮಧ್ಯದಲ್ಲಿ ವೀಳ್ಯವನ್ನು ಹಿಡಿದು, “ಶತ್ರುವಿನ ತಲೆಯನ್ನು ತರಬಲ್ಲವರಾರು?” ಎಂದು ಕೇಳಿದಾಗ, ಮುಂದೆ ಬಂದು ಅದನ್ನು ಕೈಗೆ ತೆಗೆದುಕೊಂಡವನು ಆ ಕಾರ್ಯಕ್ಕೆ ಬದ್ಧನಾದನೆಂದೇ ಅರ್ಥ. ನಮ್ಮ ಕಾವ್ಯಗಳಲ್ಲಿಯೂ ಯಕ್ಷಗಾನ ಪ್ರಸಂಗಗಳಲ್ಲಿಯೂ ಬರುವ ‘ರಣವೀಳ್ಯ’ವೆಂಬುದು ಇದೇ.

ಕಾಲಾಂತರದಲ್ಲಿ ಅರಸರು ಹೋದರು, ಎಲೆಯೂ ಹೋಯಿತು. ಅಡಿಕೆ ಮಾತ್ರ ಉಳಿಯಿತು. ಹಿಂದಿ ಮರಾಠಿ ಭಾಷೆಗಳಲ್ಲಿ ಅಡಿಕೆಗೆ ‘ಸುಪಾರಿ’ಯೆಂದು ಹೆಸರು. ಹಣ ಪಡೆದು ಪರರನ್ನು ಕೊಲ್ಲುವ ಒಪ್ಪಂದಕ್ಕೆ ಮುಂಬಯಿಯ ಪಾತಕಲೋಕವು ಇದೇ ಶಬ್ದವನ್ನು ಬಳಸಿತು. ಅಲ್ಲಿಂದ ನಮ್ಮ ಪತ್ರಿಕೆಗಳಿಗೂ ‘ಸುಪಾರಿ ಕೊಲೆ’, ‘ಸುಪಾರಿ ಹಂತಕ’ ಎಂಬ ಪದಗಳು ಬಂದು ನೆಲೆಸಿದುವು. ಬೈಕಂಪಾಡಿಯಲ್ಲಿ ಕೃಷಿ ಉತ್ಪನ್ನಗಳ ಮಾರುಕಟ್ಟೆಯ ಪ್ರಾಂಗಣವಿದೆ. ೧೯೭೩ರಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರ ಸಂಸ್ಥೆಯಾದ ಕ್ಯಾಂಪ್ಕೋ ನಮ್ಮ ಮಂಗಳೂರಿನದೇ. ಅಡಿಕೆಯಿಂದ ಅನ್ನ ಉಣ್ಣುವ ನಾಡಿನವರಿಗೆ ಆ ಶಬ್ದಕ್ಕೆ ಬಂದ ಈ ದುರ್ಗತಿಯನ್ನು ಕಂಡು ಮನಸ್ಸಿಗೆ ಇರಿಸುಮುರಿಸಾಗುವುದು ಸಹಜ.

ಈ ಪೀಠಿಕೆಗೆ ಕಾರಣವಿದೆ. ಈಚೆಗೆ ನಮ್ಮ ಮನೆಗಳ ತರುಣ ತರುಣಿಯರು ಕೊರಿಯಾ ದೇಶದ ಚಲಚ್ಚಿತ್ರಗಳನ್ನೂ ಧಾರಾವಾಹಿಗಳನ್ನೂ ಬಹಳ ಆಸಕ್ತಿಯಿಂದ ನೋಡುತ್ತಿರುವರು. ಅವುಗಳಲ್ಲಿ ಒಂದು ಬಗೆಯ ಕಥೆ ಹಿರಿಯರನ್ನು ಬೆಚ್ಚಿಬೀಳಿಸುತ್ತದೆ. ನಾಯಕನು ಸುಪಾರಿ ಹಂತಕ; ಅವನಿಗೆ ಪ್ರೇಮ ಅಂಕುರಿಸುತ್ತದೆ; ನೋಡುವವರು ನಗುತ್ತಾರೆ! ೨೦೦೧ರಲ್ಲಿ ಜಾಂಗ್ ಜಿನ್ ಎಂಬ ನಿರ್ದೇಶಕನು ತೆಗೆದ ಚಿತ್ರವೊಂದು ಇದಕ್ಕೆ ನಿದರ್ಶನ. ಹೊರದೇಶಗಳಲ್ಲಿ ಅದು ‘ಗನ್ಸ್ ಆ್ಯಂಡ್ ಟಾಕ್ಸ್’ ಎಂಬ ಹೆಸರಿನಿಂದ ಪರಿಚಿತ. ಕೊರಿಯನ್ ಹೆಸರಿನ ಅರ್ಥ ‘ಹಂತಕರ ಹರಟೆ’ ಎಂದು. ನಾಲ್ವರು ತರುಣರು ಕೂಡಿ ಕೊಲೆಯನ್ನೇ ಕಸುಬಾಗಿ ಮಾಡಿಕೊಂಡಿರುವರು. ಅವರಲ್ಲೊಬ್ಬನ ಪಾಲಿಗೆ ಗರ್ಭಿಣಿಯೊಬ್ಬಳನ್ನು ಕೊಲ್ಲುವ ಕೆಲಸ ಬೀಳುತ್ತದೆ. ಅವಳನ್ನು ಕಂಡವನು ಮನಸೋತು, ಕೈಯೆತ್ತಲಾರದೆ ಹೋಗುತ್ತಾನೆ. ಗುಮಾಸ್ತನು ಕಚೇರಿಗೆ ಹೋಗುವಷ್ಟು ಸಹಜವಾಗಿ ಕೊಲೆಗೆ ಹೊರಡುವ ಇವರ ಗಾಂಭೀರ್ಯವೇ ಅಲ್ಲಿಯ ಹಾಸ್ಯಕ್ಕೆ ಮೂಲ.

“ಇಂಥ ಕಥೆಯನ್ನು ಮಕ್ಕಳು ನೋಡಬಹುದೇ?” ಎಂಬುದು ಹಿರಿಯರ ಆಕ್ಷೇಪ. “ಇಂಥ ಹೊಸ ಕಥೆ ನಿಮ್ಮ ಪುರಾಣಗಳಲ್ಲಿ ಎಲ್ಲಿದೆ?” ಎಂಬುದು ಕಿರಿಯರ ಸವಾಲು. ಎರಡಕ್ಕೂ ಉತ್ತರವನ್ನು ಹುಡುಕಿಕೊಂಡು ಕೊರಿಯಾಕ್ಕೆ ಹೋಗಬೇಕಾಗಿಲ್ಲ. ನಮ್ಮ ಬಯಲಾಟದ ರಂಗಸ್ಥಳದವರೆಗೆ ಹೋದರೆ ಸಾಕು. ಬೈಕಂಪಾಡಿ, ಪಣಂಬೂರು, ಸುರತ್ಕಲ್ಲುಗಳ ಆಸುಪಾಸಿನಲ್ಲಿ ಬಂದರೂ ಕಾರ್ಖಾನೆಗಳೂ ಎದ್ದು ನಿಂತಿದ್ದರೂ, ಕಟೀಲು ಮೊದಲಾದ ಮೇಳಗಳ ಹರಕೆಯಾಟಕ್ಕೆ ಈ ಸೀಮೆಯ ಜನ ಸೇರುವುದು ಇನ್ನೂ ನಿಂತಿಲ್ಲವಷ್ಟೆ.

ಮೊದಲು ಶಾಸ್ತ್ರದ ಒಂದು ಮಾತು. ಭರತಮುನಿಯು ನಾಟ್ಯಶಾಸ್ತ್ರದಲ್ಲಿ, ಶೃಂಗಾರದಿಂದ ಹಾಸ್ಯವೂ ರೌದ್ರದಿಂದ ಕರುಣವೂ ಹುಟ್ಟುವುದೆಂದು ಹೇಳಿದ್ದಾನೆ. ಪ್ರೇಮಿಯ ತಬ್ಬಿಬ್ಬು ನೋಡುವವರಿಗೆ ನಗೆಯನ್ನು ತರುತ್ತದೆ. ಕ್ರೂರಿಯ ಏಟು ಯಾರದೋ ಮನೆಯಲ್ಲಿ ಅಳುವನ್ನು ತರುತ್ತದೆ. ಹಂತಕನು ಪ್ರೇಮಿಯಾಗುವ ಕಥೆಯಲ್ಲಾದರೋ ಶೃಂಗಾರ ರೌದ್ರಗಳೆರಡೂ ಒಬ್ಬನಲ್ಲಿಯೇ ಮನೆಮಾಡಿರುತ್ತವೆ. ಆದುದರಿಂದ ಅಲ್ಲಿ ನಗೆಯೊಡನೆ ಅಳುವೂ ಇರಬೇಕಾದುದು ನ್ಯಾಯ. ನಗೆಯನ್ನು ಮಾತ್ರ ಕೊಟ್ಟು ಅಳುವನ್ನು ಮರೆಸಿದ ಕಥೆ ಅರ್ಧ ಕಥೆಯೇ ಸರಿ. ಈ ಒಂದು ಅಳತೆಗೋಲನ್ನು ಕೈಯಲ್ಲಿ ಹಿಡಿದು ನಮ್ಮ ಕಥೆಗಳನ್ನು ನೋಡೋಣ.

ಮಹಾಭಾರತದ ಹಿಡಿಂಬೆಯನ್ನು ವಾಚಕರು ಬಲ್ಲರು. ಅರಗಿನ ಮನೆಯ ಬೆಂಕಿಯಿಂದ ಪಾರಾದ ಪಾಂಡವರು ಅರಣ್ಯದಲ್ಲಿ ಮರದಡಿಯಲ್ಲಿ ಮಲಗಿದ್ದಾರೆ; ಭೀಮನೊಬ್ಬನು ಎಚ್ಚರವಾಗಿ ಕಾವಲಿದ್ದಾನೆ. ದೂರದಲ್ಲಿದ್ದ ಹಿಡಿಂಬಾಸುರನ ಮೂಗಿಗೆ ನರವಾಸನೆ ಬಡಿಯಿತು. ಅವನು ತಾನು ಏಳದೆ, “ಅವರನ್ನು ಕೊಂದು ತಾ” ಎಂದು ತಂಗಿಯನ್ನು ಅಟ್ಟಿದನು. ಹೀಗೆ ಪರರ ಆಜ್ಞೆಯಿಂದ, ತನಗೆ ಯಾವ ದ್ವೇಷವೂ ಇಲ್ಲದವರನ್ನು ಕೊಲ್ಲಲು ಹೊರಟವಳು ಹಿಡಿಂಬೆ. ಬಂದಳು, ಭೀಮನನ್ನು ಕಂಡಳು, ಸೋತಳು. ಆಗ ಅವಳ ಮನಸ್ಸಿನಲ್ಲಿ ನಡೆದ ಲೆಕ್ಕಾಚಾರವನ್ನು ವ್ಯಾಸರು ಬಹು ಸ್ವಾರಸ್ಯವಾಗಿ ವರ್ಣಿಸಿದ್ದಾರೆ: ಕೊಂದು ತಿಂದರೆ ತನಗೂ ಅಣ್ಣನಿಗೂ ಒಂದು ಮುಹೂರ್ತದ ತೃಪ್ತಿ, ಕೊಲ್ಲದೆ ಗಂಡನನ್ನಾಗಿ ಪಡೆದರೆ ಎಷ್ಟೋ ವರ್ಷಗಳ ಸಂತೋಷ! ರಾಕ್ಷಸಿಯ ಈ ಗಣಿತವನ್ನು ಕೇಳಿ ಯಾರು ತಾನೆ ನಗದಿರುವರು?

ತೆಂಕುತಿಟ್ಟಿನಲ್ಲಿ ರಾಕ್ಷಸಿಯರಿಗೆ ‘ಹೆಣ್ಣುಬಣ್ಣ’ವೆಂಬ ಬೇರೆಯೇ ವೇಷವುಂಟು. ಚೆಂಡೆಯ ಅಬ್ಬರದ ನಡುವೆ ಆ ಭಯಂಕರ ವೇಷವು ಬಂದಾಗ ಮಕ್ಕಳು ತಾಯಂದಿರ ಸೆರಗನ್ನು ಹಿಡಿಯುವರು. ಬಳಿಕ ಅದೇ ರಾಕ್ಷಸಿ ಮಾಯಾರೂಪದ ಸುಂದರಿಯಾಗಿ ಭೀಮನ ಮುಂದೆ ನಾಚಿ ನಿಂತಾಗ, ಸ್ವಲ್ಪ ಮೊದಲು ಹೆದರಿದ್ದ ಆ ಮಕ್ಕಳೇ ಕಿಲಕಿಲನೆ ನಗುವರು. ಕೊರಿಯಾದ ಚಿತ್ರವು ನಮ್ಮ ಮಕ್ಕಳನ್ನು ನಗಿಸುವ ಬಗೆಯೂ ಇದೇ ಅಲ್ಲವೇ? ಆದರೆ ಕಥೆ ನಗೆಯಲ್ಲಿಯೇ ಮುಗಿಯುವುದಿಲ್ಲ. ಹೊರಟ ಆಜ್ಞೆ ನೆರವೇರದಿರಲು, ಆಜ್ಞೆ ಕೊಟ್ಟವನೇ ಎದ್ದು ಬರುತ್ತಾನೆ. ಬಂದು ಭೀಮನ ಕೈಯಲ್ಲಿ ಸಾಯುತ್ತಾನೆ. ಹಿಡಿಂಬೆಗೆ ಗಂಡನು ದೊರೆತನು, ಅಣ್ಣನು ಹೋದನು. ಅವಳ ಮದುವೆಯ ಸಂಭ್ರಮದ ಪಕ್ಕದಲ್ಲಿಯೇ ಒಡಹುಟ್ಟಿದವನ ಹೆಣವಿದೆ. ಕವಿಯು ಅದನ್ನು ಮರೆಮಾಡಲಿಲ್ಲ.

ಇನ್ನೊಬ್ಬ ಕೊಲೆಗಾರ ಪ್ರೇಮಿ ಭಸ್ಮಾಸುರ. ಯಾರ ತಲೆಯ ಮೇಲೆ ಕೈಯಿಟ್ಟರೂ ಅವರು ಸುಟ್ಟು ಬೂದಿಯಾಗಬೇಕೆಂಬ ವರವನ್ನು ಪಡೆದವನು, ಮೋಹಿನಿಯ ನೃತ್ಯವನ್ನು ಅನುಕರಿಸುತ್ತ ತನ್ನ ತಲೆಯ ಮೇಲೆಯೇ ಕೈಯಿಟ್ಟು ಭಸ್ಮವಾದನು. ೨೦೧೨ರಲ್ಲಿ ಪದ್ಮಶ್ರೀ ಪಡೆದು ೨೦೧೭ರಲ್ಲಿ ಕೀರ್ತಿಶೇಷರಾದ ಚಿಟ್ಟಾಣಿ ರಾಮಚಂದ್ರ ಹೆಗಡೆಯವರು ಬಡಗುತಿಟ್ಟಿನಲ್ಲಿ ಈ ಪಾತ್ರದಿಂದ ಮನೆಮಾತಾಗಿದ್ದರು. ಹಿಡಿಂಬೆಗೂ ಇವನಿಗೂ ಇರುವ ಅಂತರವನ್ನು ಗಮನಿಸಬೇಕು. ಅವಳು ಪ್ರೇಮಕ್ಕಾಗಿ ಕೊಲ್ಲುವ ಕೆಲಸವನ್ನೇ ಬಿಟ್ಟಳು. ಇವನಾದರೋ ಕೊಲ್ಲುವ ಕೈಯನ್ನು ಹಾಗೆಯೇ ಇಟ್ಟುಕೊಂಡು ಪ್ರೇಮಿಸಹೊರಟನು. ಕೈ ಬದಲಾಗದೆ ಮನಸ್ಸು ಬದಲಾಯಿತೆಂದರೆ ಅದು ಮೋಹವೇ ಹೊರತು ಪ್ರೇಮವಲ್ಲ.

ಇವೆರಡನ್ನೂ ಮೀರಿಸಿದುದು ಚಂದ್ರಹಾಸನ ಕಥೆ. ಕಡೂರು ಸೀಮೆಯ ದೇವನೂರಿನ ಲಕ್ಷ್ಮೀಶ ಕವಿಯು ವಾರ್ಧಕ ಷಟ್ಪದಿಯಲ್ಲಿ, ೩೪ ಸಂಧಿಗಳಲ್ಲಿ ರಚಿಸಿದ ಜೈಮಿನಿ ಭಾರತದಿಂದ ಇದು ಕನ್ನಡಿಗರ ಮನೆಮನೆಗೂ ಬಂದಿತು. ಗಮಕಿಗಳು ಇದನ್ನು ಹಾಡಿದರು, ಮೇಳದವರು ಕುಣಿದರು, ೧೯೬೫ರಲ್ಲಿ ಬಿ. ಎಸ್. ರಂಗಾ ಅವರು ರಾಜಕುಮಾರರನ್ನು ನಾಯಕನನ್ನಾಗಿ ಮಾಡಿ ಚಲಚ್ಚಿತ್ರವನ್ನೂ ತೆಗೆದರು.

ಕುಂತಳನಗರದ ಮಂತ್ರಿ ದುಷ್ಟಬುದ್ಧಿ. ಬೀದಿಯಲ್ಲಿ ಬೆಳೆಯುತ್ತಿದ್ದ ಅನಾಥ ಬಾಲಕನೊಬ್ಬನು ಮುಂದೆ ತನ್ನ ಐಶ್ವರ್ಯಕ್ಕೆಲ್ಲ ಒಡೆಯನಾಗುವನೆಂದು ಬಲ್ಲವರು ನುಡಿದುದನ್ನು ಕೇಳಿ, ಅವನನ್ನು ಕಾಡಿಗೆ ಒಯ್ದು ಕೊಲ್ಲುವಂತೆ ಕಟುಕರಿಗೆ ಹಣವನ್ನು ಕೊಟ್ಟನು. ಇದು ಸುಪಾರಿಯಲ್ಲದೆ ಮತ್ತೇನು? ಕಟುಕರು ಕತ್ತಿಯನ್ನೆತ್ತಿದರು, ಹರಿಸ್ಮರಣೆ ಮಾಡುತ್ತಿದ್ದ ಮಗುವಿನ ಮುಖವನ್ನು ಕಂಡರು, ಕೈ ಸೋತಿತು. ಮಗುವಿನ ಕಾಲಿನಲ್ಲಿದ್ದ ಆರನೆಯ ಬೆರಳನ್ನು ಮಾತ್ರ ಕತ್ತರಿಸಿ, ಅದನ್ನೇ ಕುರುಹಾಗಿ ತೋರಿಸಿ ಒಡೆಯನನ್ನು ನಂಬಿಸಿದರು. ದೂತ, ಚಾರ, ಕಟುಕ ಮೊದಲಾದ ಸಣ್ಣ ವೇಷಗಳು ಹಾಸ್ಯಗಾರನ ಪಾಲಿಗೆ ಬರುವುದು ಯಕ್ಷಗಾನದ ವಾಡಿಕೆ. ಆ ಹಾಸ್ಯಗಾರನ ಬಾಯಿಯಿಂದಲೇ ದಯೆಯ ಮಾತು ಹೊರಡುವುದು ಎಷ್ಟು ಉಚಿತವಾಗಿದೆ!

ಬಾಲಕನು ಕುಳಿಂದನೆಂಬ ಅರಸನ ಸಾಕುಮಗನಾಗಿ ಬೆಳೆದನು. ವರ್ಷಗಳ ಮೇಲೆ ದುಷ್ಟಬುದ್ಧಿಯು ಅವನ ಗುರುತನ್ನು ಹಿಡಿದು, ಮತ್ತೆ ಕೊಲೆಯ ಉಪಾಯವನ್ನು ಹೂಡಿದನು. ಈ ಸಾರಿ ಕತ್ತಿಯಲ್ಲ, ಕಾಗದ. ಇವನಿಗೆ ವಿಷವನ್ನು ಕೊಡಬೇಕೆಂದು ತನ್ನ ಮಗನಾದ ಮದನನಿಗೆ ಓಲೆಯನ್ನು ಬರೆದು, ಅದನ್ನು ಕೊಲೆಯಾಗತಕ್ಕವನ ಕೈಯಲ್ಲಿಯೇ ಕಳುಹಿಸಿದನು! ಬಿಸಿಲಿಗೆ ಬಳಲಿದ ಚಂದ್ರಹಾಸನು ನಗರದ ಉಪವನದಲ್ಲಿ ನಿದ್ರೆಹೋದನು. ಅಲ್ಲಿಗೆ ಬಂದವಳು ಮಂತ್ರಿಯ ಮಗಳು. ಅವಳ ಹೆಸರು ವಿಷಯೆ. ತರುಣನ ಮುಖವನ್ನು ಕಂಡಳು, ಮನಸೋತಳು, ಓಲೆಯನ್ನು ಬಿಚ್ಚಿ ಓದಿದಳು. ಇಂಥ ಚೆಲುವನಿಗೆ ತಂದೆಯು ವಿಷವನ್ನು ಕೊಡಿಸುವುದುಂಟೇ? ಅವಸರದಲ್ಲಿ ತನ್ನ ಹೆಸರಿನ ಅಕ್ಷರವೊಂದು ಬಿಟ್ಟುಹೋಗಿರಬೇಕೆಂದು ತನಗೆ ಬೇಕಾದಂತೆ ಅರ್ಥಮಾಡಿಕೊಂಡು, ಕಣ್ಣಿನ ಕಾಡಿಗೆಯನ್ನೇ ಮಸಿಯಾಗಿಸಿ ‘ವಿಷ’ವನ್ನು ‘ವಿಷಯೆ’ಯನ್ನಾಗಿ ತಿದ್ದಿದಳು. ಒಂದಕ್ಷರದಿಂದ ಮರಣಪತ್ರವು ಲಗ್ನಪತ್ರವಾಯಿತು. ಕೊಲೆಯ ವೀಳ್ಯವು ಮದುವೆಯ ವೀಳ್ಯವಾಯಿತು. ಮದನನು ಸಂತೋಷದಿಂದ ತಂಗಿಯ ಮದುವೆಯನ್ನು ನಡೆಯಿಸಿಯೇಬಿಟ್ಟನು. ಮರಳಿ ಬಂದ ಮಂತ್ರಿಯು ಹೆಣವನ್ನು ನಿರೀಕ್ಷಿಸಿದ ಮನೆಯಲ್ಲಿ ಅಳಿಯನನ್ನು ಕಂಡು ಕಕ್ಕಾಬಿಕ್ಕಿಯಾಗುವ ಸಂದರ್ಭದಷ್ಟು ಹಾಸ್ಯವು ಕೊರಿಯಾದ ಯಾವ ಚಿತ್ರದಲ್ಲಿದ್ದೀತು?

ನಮ್ಮ ಕಾಲದವನು ಬರೆದಿದ್ದರೆ ಇಲ್ಲಿಗೇ ‘ಶುಭಂ’ ಎನ್ನುತ್ತಿದ್ದನು. ಪ್ರಾಚೀನ ಕವಿಯು ಹಾಗೆ ಮಾಡಲಿಲ್ಲ. ದುಷ್ಟಬುದ್ಧಿಯು ಮಗಳ ಬಾಳನ್ನೂ ಲೆಕ್ಕಿಸದೆ ಮೂರನೆಯ ಸಾರಿ ವೀಳ್ಯವನ್ನು ಕೊಟ್ಟನು. ಊರ ಹೊರಗಿನ ಕಾಳಿಯ ಗುಡಿಯಲ್ಲಿ ಕಟುಕರನ್ನು ಅಡಗಿಸಿ, ಸಂಜೆಯ ಹೊತ್ತಿನಲ್ಲಿ ಪೂಜೆಗೆ ಬಂದವನನ್ನು ಕೊಲ್ಲಿರೆಂದು ವಿಧಿಸಿ, ಅಳಿಯನನ್ನು ಒಬ್ಬನೇ ಹೋಗೆಂದನು. ಅದೇ ಹೊತ್ತಿಗೆ ಅರಸನಿಂದ ಚಂದ್ರಹಾಸನಿಗೆ ಕರೆ ಬಂದಿತು. ದಾರಿಯಲ್ಲಿ ಸಿಕ್ಕಿದ ಮದನನು, “ನೀವು ಅರಮನೆಗೆ ಹೋಗಿ ಭಾವ, ಪೂಜೆಯನ್ನು ನಾನು ಮುಗಿಸಿ ಬರುತ್ತೇನೆ” ಎಂದು ಹರಿವಾಣವನ್ನು ತೆಗೆದುಕೊಂಡನು. ಗುಡಿಯಲ್ಲಿ ಸತ್ತವನು ಮದನ. ಮಗನ ಹೆಣದ ಮುಂದೆ ತಂದೆಯೂ ಪ್ರಾಣಬಿಟ್ಟನು.

ಈ ಮೂರು ಆಜ್ಞೆಗಳನ್ನು ಸಾಲಾಗಿ ಇಟ್ಟು ನೋಡಿದರೆ ಒಂದು ತತ್ತ್ವವು ಹೊಳೆಯುತ್ತದೆ. ಮೊದಲನೆಯ ಸಾರಿ ಕಟುಕರು ಮಗುವಿನ ಮುಖವನ್ನು ನೋಡಿದರು, ದಯೆ ಹುಟ್ಟಿತು. ಎರಡನೆಯ ಸಾರಿ ವಿಷಯೆಯು ತರುಣನ ಮುಖವನ್ನು ನೋಡಿದಳು, ಪ್ರೇಮ ಹುಟ್ಟಿತು. ಮೂರನೆಯ ಸಾರಿ ಯಾರೂ ಯಾರ ಮುಖವನ್ನೂ ನೋಡಲಿಲ್ಲ, ಕೊಲೆಯೇ ಆಯಿತು. ದುಷ್ಟಬುದ್ಧಿಯಾದರೋ ಒಮ್ಮೆಯೂ ತಾನಾಗಿ ಕತ್ತಿಯನ್ನು ಹಿಡಿದವನಲ್ಲ. ಹಿಡಿಂಬಾಸುರನೂ ಮೊದಲು ತಾನು ಏಳದೆ ತಂಗಿಯನ್ನೇ ಅಟ್ಟಿದನು. ಕೊಲ್ಲಿಸುವವನಿಗೆ ಮುಖ ಕಾಣುವುದಿಲ್ಲ. ಅವನಿಗೆ ಕಾಣುವುದು ಹಣ, ಹೆಸರು, ಹಗೆ ಇಷ್ಟೇ. ಕೊರಿಯಾದ ಆ ತರುಣನ ಕೈ ತಡೆದುದೂ ಗರ್ಭಿಣಿಯನ್ನು ಹತ್ತಿರದಿಂದ ಕಂಡುದರಿಂದಲೇ. ಸಾವಿರಾರು ಹರದಾರಿ ದೂರದ ಎರಡು ನಾಡುಗಳ ಕಥೆಗಾರರು ಮನುಷ್ಯಸ್ವಭಾವದ ಒಂದೇ ಗುಟ್ಟನ್ನು ಕಂಡುಕೊಂಡಿರುವರು.

ಇನ್ನು ಮಕ್ಕಳಿಗೆ ಏನನ್ನು ಹೇಳಬೇಕು? ನೋಡಬೇಡಿರೆಂದು ಗದರಿಸುವುದರಿಂದ ಪ್ರಯೋಜನವಿಲ್ಲ. ಅವರು ಬಾಗಿಲು ಮುಚ್ಚಿಕೊಂಡು ನೋಡುವರು. ಜತೆಯಲ್ಲಿ ಕುಳಿತು ನೋಡುವುದೂ, ನಗುವಲ್ಲಿ ನಗುವುದೂ ಲೇಸು. ಚಿತ್ರವು ಮುಗಿದ ಮೇಲೆ ಎರಡು ಪ್ರಶ್ನೆಗಳನ್ನು ಮಾತ್ರ ಕೇಳಿರಿ. ಪ್ರೇಮಕ್ಕೆ ಸಿಲುಕುವ ಮೊದಲು ಇವನು ಕೊಂದವರ ಮನೆಗಳಲ್ಲಿ ಈಗ ಯಾರಿರುವರು? ಇವನು ಕೊಲ್ಲದೆ ಬಿಟ್ಟನು, ಸರಿ. ಹೊರಟ ಆಜ್ಞೆಯು ಎಲ್ಲಿಗೆ ಹೋಯಿತು? ಹಣ ಕೊಟ್ಟವನು ಇನ್ನೊಬ್ಬನನ್ನು ಹುಡುಕದೆ ಬಿಡುವನೇ? ೨೦೨೪ರ ಜುಲೈ ೧ರಿಂದ ನಡೆಯುತ್ತಿರುವ ಭಾರತೀಯ ನ್ಯಾಯ ಸಂಹಿತೆಯು ತನ್ನ ೧೧೧ನೆಯ ಪ್ರಕರಣದಲ್ಲಿ ಸುಪಾರಿ ಕೊಲೆಯನ್ನು ಸಂಘಟಿತ ಅಪರಾಧಗಳ ಸಾಲಿನಲ್ಲಿ ಎಣಿಸಿದೆ. ಕತ್ತಿ ಹಿಡಿದ ಕೈಯ ಹಿಂದೆ ಬೇರೆ ಕೈಗಳೂ ಇರುತ್ತವೆಂಬುದನ್ನು ಕಾನೂನು ಬಲ್ಲದು. ಕಥೆಯೂ ಬಲ್ಲುದಾದರೆ ಅದು ಪೂರ್ಣ ಕಥೆ.

ಚಂದ್ರಹಾಸನು ಆ ಗುಡಿಗೆ ಓಡಿಬಂದು, ತನ್ನನ್ನು ಮೂರು ಸಾರಿ ಕೊಲ್ಲಿಸಹೊರಟ ಮಾವನಿಗಾಗಿಯೂ ತನಗಾಗಿ ಸತ್ತ ಮದನನಿಗಾಗಿಯೂ ತನ್ನ ತಲೆಯನ್ನೇ ಒಪ್ಪಿಸಲು ಸಿದ್ಧನಾದನು; ದೇವಿಯು ಮೆಚ್ಚಿ ಇಬ್ಬರನ್ನೂ ಬದುಕಿಸಿದಳು. ಕವಿಯ ಲೋಕದಲ್ಲಿ ಅದು ಸಾಧ್ಯ. ನಮ್ಮ ಲೋಕದಲ್ಲಿ ಸತ್ತ ಮದನರು ಎದ್ದು ಬರುವುದಿಲ್ಲ. ಆದುದರಿಂದಲೇ ಇಲ್ಲಿ ಕಾಡಿಗೆಯಿಂದ ಅಕ್ಷರವನ್ನು ತಿದ್ದುವ ಕೈಗಳು ಹೆಚ್ಚಬೇಕು. ಹಗೆಯ ಮಾತು ಓಲೆಯಾಗಿ ಹೊರಡುವ ಮೊದಲೇ ಮುಖವೆತ್ತಿ ಎದುರಿನವರನ್ನು ನೋಡುವ ಅಭ್ಯಾಸವು ನಮ್ಮ ಮನೆಗಳಲ್ಲಿ ಬೆಳೆಯಬೇಕು. ನಮ್ಮ ತೋಟಗಳ ಅಡಿಕೆಯು ಮದುವೆಯ ಹರಿವಾಣದಲ್ಲಿಯೇ ಶೋಭಿಸಲಿ.