ಎತ್ತಿಗೆ ನುಚ್ಚು: ಎಷ್ಟು, ಹೇಗೆ?

ಕಬ್ಬು ನುರಿಸುವ ಹಂಗಾಮು ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡದ ಕಡೆ ಎತ್ತುಗಳಿಗೆ ಬಿಡುವಿಲ್ಲ. ಕಸುವು ಬರಲೆಂದು ನೀವು ಗೋವಿನಜೋಳದ ನುಚ್ಚು, ಬೆಲ್ಲ ಇಡುತ್ತೀರಿ. ಒಂದು ವರ್ಷ ನಾನೇ ಒಂದು ಹಳ್ಳಿಯಲ್ಲಿ "ನುಚ್ಚು ಕೊಡ್ರಿ" ಎಂದು ಹೇಳಿ ಬಂದೆ. ಹೇಗೆ ಏರಿಸಬೇಕೆಂದು ಹೇಳಲಿಲ್ಲ. ಒಬ್ಬರು ಮೊದಲ ರಾತ್ರಿಯೇ ಬುಟ್ಟಿ ತುಂಬ ಇಟ್ಟರು. ಮರುದಿನ ಎತ್ತು ಮೆಲುಕು ಬಿಟ್ಟು ಮಲಗಿತು; ಮೂರನೆಯ ದಿನ ಸತ್ತಿತು. ತಪ್ಪು ನನ್ನದು. ಅದಕ್ಕೇ ಈ ಮಾತು.

ದನದ ಹೊಟ್ಟೆಗೆ ನಾಲ್ಕು ಕೋಣೆ. ಮೊದಲಿನ ದೊಡ್ಡ ಕೋಣೆಯಲ್ಲಿ ಕೋಟಿ ಕೋಟಿ ಅಣುಜೀವಿಗಳಿದ್ದು, ಮೇವನ್ನು ಒಡೆಯುವವು ಅವೇ. ಕಣಿಕೆಯ ನಾರು, ಜೋಳದ ಪಿಷ್ಟ, ಬೆಲ್ಲ ಮೂರರಲ್ಲೂ ಇರುವುದು ಸಕ್ಕರೆಯೇ. ಅದರ ಕಣಗಳು ಕೂಡಿಕೊಂಡ ರೀತಿ ಬೇರೆ. ಯಾವ ಕೊಂಡಿಯನ್ನು ಯಾವ ಅಣುಜೀವಿ ಕತ್ತರಿಸಬಲ್ಲದೆಂಬುದನ್ನು ಅದರ ವಂಶವಾಹಿ ಗೊತ್ತುಮಾಡುತ್ತದೆ. ಕಬ್ಬಿನ ತಳಿಗಳಲ್ಲಿ ಇರುವಂತೆ, ಒಂದೇ ಜಾತಿಯ ಬ್ಯಾಕ್ಟೀರಿಯಾದ ತಳಿಗಳಲ್ಲೂ ಈ ಭೇದವುಂಟು.

ಜಪಾನೀಯರು ಕಡಲ ಪಾಚಿ ಉಣ್ಣುತ್ತಾರೆ. ಅದರ ಸಕ್ಕರೆಯನ್ನು ಒಡೆಯುವ ವಂಶವಾಹಿ ಕಡಲಿನ ಬ್ಯಾಕ್ಟೀರಿಯಾದಿಂದ ಅವರ ಕರುಳಿನ ಬ್ಯಾಕ್ಟೀರಿಯಾಕ್ಕೆ ದಾಟಿ ಬಂದಿದೆಯೆಂದು 2010ರಲ್ಲಿ ವಿಜ್ಞಾನಿಗಳು ತೋರಿಸಿದರು. ಹೋಲಿಸಿ ನೋಡಿದ ಉತ್ತರ ಅಮೆರಿಕದವರಲ್ಲಿ ಅದು ಸಿಗಲಿಲ್ಲ. ಉಣಿಸಿದಂತೆ ಹೊಟ್ಟೆಯ ಜೀವಿಗಳು.

ಎತ್ತಿನ ಹೊಟ್ಟೆಯಲ್ಲಿ ನಾರು ಒಡೆಯುವವು ನಿಧಾನದವು, ಹುಳಿ ತಾಳವು. ಸ್ಟ್ರೆಪ್ಟೊಕಾಕಸ್ ಬೋವಿಸ್ ಎಂಬುದು ಪಿಷ್ಟ, ಬೆಲ್ಲ ಸಿಕ್ಕರೆ ಗಂಟೆಗಳಲ್ಲಿ ಬೆಳೆದು ಲ್ಯಾಕ್ಟಿಕ್ ಆಮ್ಲ ಬಿಡುತ್ತದೆ. ಮೊಸರಿನ ಹುಳಿಯೂ ಇದೇ. ಈ ಆಮ್ಲವನ್ನು ತಿಂದು ತೀರಿಸುವ ಮೆಗಾಸ್ಫೇರ ಎಂಬುದೂ ಅಲ್ಲಿದೆ. ಆದರೆ ಅದು ಸಾಕಷ್ಟು ಹೆಚ್ಚಲು ದಿನಗಳು ಬೇಕು. ಅಷ್ಟರಲ್ಲಿ ಹುಳಿ ಏರಿದರೆ ನಾರಿನವು ಸಾಯುತ್ತವೆ, ಮೈಯ ನೀರು ಹೊಟ್ಟೆಗೆ ಎಳೆದುಕೊಳ್ಳುತ್ತದೆ, ಹುಳಿ ರಕ್ತಕ್ಕೆ ಸೇರುತ್ತದೆ.

ಆದ್ದರಿಂದ ನುಚ್ಚನ್ನು ಹಿಡಿಯಷ್ಟರಿಂದ ಆರಂಭಿಸಿ ಎರಡು ಮೂರು ವಾರಗಳಲ್ಲಿ ಸ್ವಲ್ಪಸ್ವಲ್ಪವೇ ಏರಿಸಿರಿ. ಮೊದಲು ಕಣಿಕೆ, ಆಮೇಲೆ ನುಚ್ಚು. ಅದನ್ನೂ ಎರಡು ಹೊತ್ತಿಗೆ ಹಂಚಿರಿ. ಕಬ್ಬಿನ ಸೋಗೆಯ ಜೊತೆಗೂ ಒಣಮೇವು ಇರಲಿ. ಕಾರಹುಣ್ಣಿಮೆಯ ಹೋಳಿಗೆ ಬಾಯಿ ಸಿಹಿಯಾಗುವಷ್ಟು ಸಾಕು. ಮದುವೆಯಲ್ಲಿ ಉಳಿದ ಅನ್ನವನ್ನು ಸುರಿಯಬೇಡಿರಿ. ಕಾಳಿನ ಚೀಲ ದನದ ಬಾಯಿಗೆ ಸಿಗದಿರಲಿ.

ಮೆಲುಕು ನಿಂತು, ಹೊಟ್ಟೆ ಬಿಗಿದು, ಹುಳಿವಾಸನೆಯ ನೀರುಸಗಣಿ ಹಾಕಿದರೆ ಬೆಳಗಿನ ದಾರಿ ಕಾಯಬೇಡಿರಿ. ಆ ಕ್ಷಣವೇ ಪಶುವೈದ್ಯರನ್ನು ಕರೆತನ್ನಿರಿ. ಏನು ತಿಂದಿತು, ಎಷ್ಟು ತಿಂದಿತು ಎಂಬುದನ್ನು ಮುಚ್ಚಿಡದೆ ಹೇಳಿರಿ.