ಮಲ್ಲರಲ್ಲಿ ಹಿರಿಯನಾರು? : ತೂಕವನ್ನೂ ಕಾಲವನ್ನೂ ಮೀರಿದ ಹೋಲಿಕೆಯ ವಿಚಾರ

ಬೇರೆ ಬೇರೆ ಕಾಲಗಳಲ್ಲಿ ಬಾಳಿದ, ಬೇರೆ ಬೇರೆ ಮೈತೂಕದ ಮುಷ್ಟಿಮಲ್ಲರಲ್ಲಿ ಹಿರಿಯನು ಯಾರೆಂಬ ಪ್ರಶ್ನೆಯು ಹರಟೆಯ ಕಟ್ಟೆಗೆ ಮಾತ್ರ ಸೇರಿದುದೆಂದು ತೋರಬಹುದು. ಆದರೆ ಒಮ್ಮೆಯೂ ಎದುರುಬದುರಾಗಿ ನಿಲ್ಲದ ಇಬ್ಬರನ್ನು ಯಾವ ಆಧಾರದಿಂದ ತೂಗಬೇಕೆಂಬುದು ಇತಿಹಾಸದ ವಿದ್ಯಾರ್ಥಿಯ ನಿತ್ಯದ ತೊಡಕು. ಅಶೋಕನು ದೊಡ್ಡವನೋ ಕೃಷ್ಣದೇವರಾಯನೋ ಎಂದು ಕೇಳುವವನೂ ಇದೇ ತೊಡಕಿನಲ್ಲಿ ಸಿಲುಕಿರುತ್ತಾನೆ. ಸಿಂಧನೂರು, ಲಿಂಗಸುಗೂರು, ಮಸ್ಕಿಗಳನ್ನೊಳಗೊಂಡ ಎಡೆದೊರೆ ನಾಡಿನವರಿಗೆ ಈ ವಿಚಾರವನ್ನು ಬೆಳೆಸಲು ಬೇಕಾದ ಸಾಮಗ್ರಿಯು ಮನೆಯಂಗಳದಲ್ಲಿಯೇ ದೊರೆಯುತ್ತದೆ.

ಮೊದಲು ಪಶ್ಚಿಮದ ನಿದರ್ಶನವನ್ನು ನೋಡೋಣ. ಇಂಗ್ಲೆಂಡಿನಲ್ಲಿ 1743ರಲ್ಲಿ ಬ್ರೌಟನ್ ಎಂಬ ಮುಷ್ಟಿಮಲ್ಲನು ಕಣದ ನಿಯಮಗಳನ್ನು ರೂಪಿಸಿದಾಗ ಅವುಗಳಲ್ಲಿ ತೂಕದ ಮಾತೇ ಇರಲಿಲ್ಲ. ಡೇನಿಯಲ್ ಮೆಂಡೋಜಾ ಸುಮಾರು 160 ಪೌಂಡಿನ ಆಳು. ತನಗಿಂತ ಭಾರವಾದವರನ್ನು ಕಾಲ್ಚಳಕದಿಂದಲೂ ತಡೆಯುವ ಜಾಣ್ಮೆಯಿಂದಲೂ ಸೋಲಿಸಿ ಹೆಸರಾದನು. 1795ರಲ್ಲಿ ದೇಹದಲ್ಲಿ ಬಲುದೊಡ್ಡವನಾದ ಜಾನ್ ಜಾಕ್ಸನ್ ಅವನ ನೀಳವಾದ ಕೂದಲನ್ನು ಒಂದು ಕೈಯಲ್ಲಿ ಹಿಡಿದು ಮತ್ತೊಂದರಿಂದ ಗುದ್ದಿ ಗೆದ್ದನು. ಅಂದಿನ ಕಟ್ಟಳೆಯಲ್ಲಿ ಅದು ಅಪರಾಧವಲ್ಲ. ಕೈಗವಸನ್ನೂ ಮೂರು ನಿಮಿಷಗಳ ಸುತ್ತನ್ನೂ ವಿಧಿಸಿದ ಕ್ವೀನ್ಸ್‌ಬೆರಿ ನಿಯಮಗಳು ಪ್ರಕಟವಾದುದು 1867ರಲ್ಲಿ. ಲಂಡನ್ನಿನ ನ್ಯಾಷನಲ್ ಸ್ಪೋರ್ಟಿಂಗ್ ಕ್ಲಬ್ಬು ಎಂಟು ತೂಕದ ವರ್ಗಗಳನ್ನು ಗೊತ್ತುಪಡಿಸಿದುದು 1909ರಲ್ಲಿ. ಹೀಗಿರುವಾಗ ಮೆಂಡೋಜಾನನ್ನು ಇಂದಿನ ಮಧ್ಯಮ ತೂಕದವರ ಸಾಲಿನಲ್ಲಿ ನಿಲ್ಲಿಸಿ ಬೆಲೆಕಟ್ಟುವುದೆಂದರೆ ಅವನ ಕಾಲದಲ್ಲಿ ಇಲ್ಲದ ತಕ್ಕಡಿಯಲ್ಲಿ ಅವನನ್ನು ತೂಗಿದಂತೆ.

ಆದರೂ ಕೆಲವು ಕಾಳಗಗಳು ತಾವಾಗಿಯೇ ಸಾಕ್ಷ್ಯ ನುಡಿಯುತ್ತವೆ. 1891ರಲ್ಲಿ ಮಧ್ಯಮ ತೂಕದ ಪಟ್ಟವನ್ನು ಗೆದ್ದ ಬಾಬ್ ಫಿಟ್ಸಿಮನ್ಸನು 1897ರಲ್ಲಿ, ಸುಮಾರು 167 ಪೌಂಡಿನ ಮೈಯಿಂದಲೇ, ತನಗಿಂತ ಹದಿನೈದು ಪೌಂಡಿಗೂ ಹೆಚ್ಚು ತೂಗುತ್ತಿದ್ದ ಕಾರ್ಬೆಟ್ಟನನ್ನು ಹದಿನಾಲ್ಕನೆಯ ಸುತ್ತಿನಲ್ಲಿ ಕೆಡವಿ ಭಾರಿ ತೂಕದ ಪಟ್ಟವನ್ನು ಪಡೆದನು. ಇಲ್ಲಿ ಊಹೆಗೆ ಎಡೆಯಿಲ್ಲ. ಸ್ಯಾಮ್ ಲ್ಯಾಂಗ್‌ಫರ್ಡನ ವಿಷಯ ಹಾಗಲ್ಲ. ಹಗುರ ತೂಕದವರಿಂದ ಭಾರಿ ತೂಕದವರವರೆಗೆ ಎಲ್ಲರೊಡನೆ ಸೆಣಸಿದ ಈ ಕರಿಯ ಮಲ್ಲನಿಗೆ ಜಗತ್ತಿನ ಪಟ್ಟ ದೊರೆಯಲಿಲ್ಲ. ಬಿಳಿಯರು ವರ್ಣಭೇದದ ಗೆರೆಯೆಳೆದರು. 1906ರಲ್ಲಿ ಅವನನ್ನು ಸೋಲಿಸಿದ್ದ, ಸ್ವತಃ ಕರಿಯನೇ ಆದ ಜಾಕ್ ಜಾನ್ಸನ್ನನೂ 1908ರಲ್ಲಿ ಪಟ್ಟವೇರಿದ ಮೇಲೆ ಮತ್ತೊಂದು ಅವಕಾಶವನ್ನು ಕೊಡಲಿಲ್ಲ. ಪಟ್ಟಗಳ ಪಟ್ಟಿಯನ್ನೇ ಪ್ರಮಾಣವೆಂದು ನಂಬುವವನು ಅನ್ಯಾಯವನ್ನೂ ಪ್ರಮಾಣವೆಂದು ನಂಬಿದಂತಾಯಿತು.

ಇನ್ನು ನಮ್ಮ ನಾಡಿಗೆ ಬರೋಣ. ಮಲ್ಲರನ್ನು ವರ್ಗೀಕರಿಸುವ ಯೋಚನೆ ಇಲ್ಲಿ ಹೊಸದಲ್ಲ. ಕಲ್ಯಾಣದ ಚಾಲುಕ್ಯ ಚಕ್ರವರ್ತಿ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದ ಮಲ್ಲವಿನೋದ ಪ್ರಕರಣವು ಮಲ್ಲರನ್ನು ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಲ ಎಂದು ಮೂರು ತರಗತಿಗಳಲ್ಲಿ ಇರಿಸುತ್ತದೆ. ಅಳತೆಗೋಲು ತೂಕವೊಂದೇ ಅಲ್ಲ. ವಯಸ್ಸು, ಮೈಕಟ್ಟು, ಬಲ, ನೈಪುಣ್ಯ ಇವೆಲ್ಲ ಸೇರಿ ತರಗತಿಯಾಗುತ್ತದೆ. ಭಾರವನ್ನೆತ್ತುವ ಭಾರಶ್ರಮ, ನೀರಿನಲ್ಲಿ ಈಜುವ ಸಲಿಲಶ್ರಮ, ಕಂಬವನ್ನು ಹಿಡಿದು ಮಾಡುವ ಸ್ತಂಭಶ್ರಮ ಮುಂತಾದ ಸಾಧನೆಗಳನ್ನೂ ಅವರಿಗೆ ಕೊಡಬೇಕಾದ ಆಹಾರವನ್ನೂ ಗ್ರಂಥವು ವಿವರಿಸುತ್ತದೆ. ಲಂಡನ್ನಿನ ಕ್ಲಬ್ಬಿಗಿಂತ ಸುಮಾರು 780 ವರ್ಷಗಳ ಹಿಂದೆ ಇಷ್ಟು ಸೂಕ್ಷ್ಮವಾಗಿ ಯೋಚಿಸಿದ್ದರೆಂಬುದು ಗಮನಾರ್ಹ.

ಸೋಜಿಗವೆಂದರೆ ಮಲ್ಲನೆಂಬ ಹೆಸರನ್ನು ಅರಸರೇ ತಮ್ಮ ಪಾಲಿಗೆ ತೆಗೆದುಕೊಂಡರು. ಸೋಮೇಶ್ವರನು ಭೂಲೋಕಮಲ್ಲ, ಅವನ ತಂದೆ ಆರನೆಯ ವಿಕ್ರಮಾದಿತ್ಯನು ತ್ರಿಭುವನಮಲ್ಲ, ಅವನಿಗೂ ಹಿಂದಿನ ಇಮ್ಮಡಿ ಜಯಸಿಂಹನು ಜಗದೇಕಮಲ್ಲ. ಈ ಜಗದೇಕಮಲ್ಲನು ಮುಯಂಗಿಯಲ್ಲಿ ಬೆನ್ನು ತೋರಿಸಿ ಓಡಿದನೆಂದು ರಾಜೇಂದ್ರಚೋಳನ ತಮಿಳು ಶಾಸನಗಳು ಹೇಳುತ್ತವೆ. ಚಾಲುಕ್ಯ ಪ್ರಶಸ್ತಿಯಾದರೋ ಅವನನ್ನು ಚೋಳನೆಂಬ ಆನೆಗೆ ಸಿಂಹವೆಂದು ಕೊಂಡಾಡುತ್ತದೆ. ಆ ಮುಯಂಗಿಯನ್ನು ನಮ್ಮ ಮಸ್ಕಿಯೆಂದೇ ಗುರುತಿಸುವ ವಿದ್ವಾಂಸರುಂಟು. ಒಂದೇ ಕಣದಲ್ಲಿ ಕಾದಿದ ಇಬ್ಬರ ವಿಷಯದಲ್ಲಿಯೇ ಸಾಕ್ಷ್ಯವು ಹೀಗೆ ಹೋಳಾದರೆ, ನೂರು ವರ್ಷಗಳ ಅಂತರದಲ್ಲಿ ಬಾಳಿದವರ ಬಗೆಗೆ ಖಂಡಿತವಾಗಿ ನುಡಿಯುವವರ ಧೈರ್ಯವನ್ನು ಮೆಚ್ಚಲೇಬೇಕು!

ವಿಜಯನಗರದ ಸಾಕ್ಷ್ಯ ಇನ್ನೂ ರಸವತ್ತಾದುದು. ಸುಮಾರು 1520ರಲ್ಲಿ ಮಹಾನವಮಿಯನ್ನು ಕಂಡ ಪೋರ್ಚುಗೀಸ ಪಾಯೆಸನು, ಮಲ್ಲರ ಹೊಡೆತಕ್ಕೆ ಹಲ್ಲುದುರಿ, ಕಣ್ಣು ಹೋಗಿ, ಮುಖ ವಿಕಾರವಾಗುತ್ತಿತ್ತೆಂದು ಬರೆದಿದ್ದಾನೆ. ಎದುರಾಳಿಗಳನ್ನು ಸರಿಸಮವಾಗಿ ನಿಲ್ಲಿಸಲೂ ಗೆದ್ದವನಿಗೆ ಸಲ್ಲುವ ಮರ್ಯಾದೆಯನ್ನು ನಿರ್ಣಯಿಸಲೂ ತೀರ್ಪುಗಾರರಿದ್ದರೆಂದೂ ಹೇಳುತ್ತಾನೆ. ಸುಮಾರು ಹದಿನೈದು ವರ್ಷಗಳ ತರುವಾಯ ಬರೆದ ನ್ಯೂನಿಜನು (1520ರ ರಾಯಚೂರು ಕಾಳಗವನ್ನು ವಿಸ್ತಾರವಾಗಿ ವರ್ಣಿಸಿದವನೂ ಇವನೇ) ಅರಸನ ಬಳಿ ಸಾವಿರ ಮಲ್ಲರಿದ್ದರೆಂದೂ, ಕೈಯಲ್ಲಿ ಮೊನೆಯುಳ್ಳ ಬಳೆಗಳನ್ನು ಹಿಡಿದು ಹೊಡೆದಾಡುತ್ತಿದ್ದರೆಂದೂ, ಹೆಚ್ಚು ಗಾಯಗೊಂಡವನೇ ಹೋಗಿ ರೇಷ್ಮೆಯ ವಸ್ತ್ರವನ್ನು ಪಡೆಯುತ್ತಿದ್ದನೆಂದೂ ತಿಳಿಸುತ್ತಾನೆ. ಒಬ್ಬನ ಬರಹದಲ್ಲಿ ಮರ್ಯಾದೆ ಗೆದ್ದವನಿಗೆ, ಇನ್ನೊಬ್ಬನ ಬರಹದಲ್ಲಿ ಉಡುಗೊರೆ ನೊಂದವನಿಗೆ. ಎರಡೂ ನಿಜವಿರಬಹುದು, ಗೆಲವಿಗೆ ಒಂದು ಬೆಲೆ, ಸಹನೆಗೆ ಮತ್ತೊಂದು. ಹಿರಿಮೆಯೆಂದರೆ ಏನೆಂಬುದನ್ನು ಮೊದಲು ನಿಷ್ಕರ್ಷಿಸದೆ ಹಿರಿಯನನ್ನು ಆರಿಸಲಾಗದು. ಈ ಇಬ್ಬರು ಪ್ರವಾಸಿಗಳೂ ಒಬ್ಬ ಮಲ್ಲನ ಹೆಸರನ್ನಾದರೂ ಬರೆದಿಡಲಿಲ್ಲ. ಹೆಸರುಳ್ಳವರ ನಡುವೆ ಮಾತ್ರ ನಾವು ಸ್ಪರ್ಧೆ ಹೂಡುತ್ತಿದ್ದೇವೆಂಬುದನ್ನು ಮರೆಯಲಾಗದು.

ಆದುದರಿಂದ, ಇವರಿಬ್ಬರೂ ಕಾದಿದ್ದರೆ ಗೆಲ್ಲುತ್ತಿದ್ದವನಾರೆಂಬ ಪ್ರಶ್ನೆಯನ್ನು ಬಿಟ್ಟುಬಿಡುವುದೇ ಲೇಸೆಂದು ನನ್ನ ಮತ. ತನ್ನ ಕಾಲದ ನಿಯಮಗಳೊಳಗೆ, ತನಗೆ ದೊರೆತ ಎದುರಾಳಿಗಳ ಮೇಲೆ, ತನ್ನ ಮೈಯ ಮಿತಿಯನ್ನು ಒಬ್ಬನು ಎಷ್ಟು ದೂರ ದಾಟಿದನೆಂದು ಕೇಳಬಹುದು. ಅದಕ್ಕೆ ದಾಖಲೆಗಳಲ್ಲಿ ಉತ್ತರವುಂಟು. ಹಾಗೆ ನೋಡಿದರೆ ಮೆಂಡೋಜಾ, ಫಿಟ್ಸಿಮನ್ಸ್, ಲ್ಯಾಂಗ್‌ಫರ್ಡರು ಮುಂದೆ ನಿಲ್ಲುತ್ತಾರೆ. ಅವರಲ್ಲಿಯೂ ಲ್ಯಾಂಗ್‌ಫರ್ಡನಿಗೆ ನಾನು ಮೊದಲ ಮಣೆ ಹಾಕುವೆನು.

ನ್ಯೂನಿಜನು ಕಂಡಂತಹ ಕಾಳಗವು ಮೈಸೂರಿನ ವಜ್ರಮುಷ್ಟಿ ಕಾಳಗದಲ್ಲಿ ಉಳಿದುಬಂದಿದೆ. ಅರಮನೆಯ ದಸರೆಯಲ್ಲಿ, ವಿಜಯದಶಮಿಯಂದು, ತಲೆ ಬೋಳಿಸಿಕೊಂಡ ಜೆಟ್ಟಿಗಳ ಎರಡು ಜೋಡಿಗಳು ಅಂಕಣಕ್ಕಿಳಿಯುತ್ತವೆ. ಒಬ್ಬನ ತಲೆಯಿಂದ ಮೊದಲ ರಕ್ತದ ಹನಿ ಕಾಣಿಸಿಕೊಂಡೊಡನೆ ಕಾಳಗ ನಿಲ್ಲುತ್ತದೆ. ಜೆಟ್ಟಿ ಎಂಬ ಮಾತಿಗೂ ಸೋಮೇಶ್ವರನ ಜ್ಯೇಷ್ಠಿಕನಿಗೂ ನಂಟನ್ನು ಕಾಣುವವರಿದ್ದಾರೆ. ನಮ್ಮ ಕಡೆಯ ಜಾತ್ರೆಗಳ ಕುಸ್ತಿಯಲ್ಲಿಯೂ ಹಿರಿಯರು ತಕ್ಕಡಿಯನ್ನು ತರಿಸದೆ, ಇಬ್ಬರನ್ನು ಪಕ್ಕಪಕ್ಕದಲ್ಲಿ ನಿಲ್ಲಿಸಿ, ಕಣ್ಣಳತೆಯಿಂದಲೇ ಜೋಡಿ ಕಟ್ಟುವ ರೂಢಿಯುಂಟು.