ಬೂಷ್ಟು, ಕೆನೆ, ಹೂ: ಹುದುಗಿನ ಮೇಲ್ಪೊರೆಯ ಪದಗಳು

ಸಕಲೇಶಪುರ, ಆಲೂರು ಸೀಮೆಯ ಮನೆಗಳಲ್ಲಿ ಉಪ್ಪುನೀರಿಗೆ ಹಾಕಿಟ್ಟ ಮಾವಿನ ಮಿಡಿಯ ಭರಣಿಯನ್ನು ತೆರೆದಾಗ ಕೆಲವೊಮ್ಮೆ ನೀರಿನ ಮೇಲೆ ತೆಳುವಾದ ಬಿಳಿಯ ಪೊರೆ ಕಾಣಿಸುತ್ತದೆ. ಇದಕ್ಕೆ ಕನ್ನಡದಲ್ಲಿ ರೂಢಿಯಲ್ಲಿರುವ ಪದ ‘ಬೂಷ್ಟು’. ಬೂಸಲು, ಬೂಸರು ಎಂಬ ರೂಪಗಳೂ ಉಂಟು. ಹಳಸಿದ ರೊಟ್ಟಿಯ ಹಸಿರಿಗೂ, ಮಳೆಗಾಲದಲ್ಲಿ ಚರ್ಮದ ಚಪ್ಪಲಿಗೆ ಹಿಡಿಯುವ ಬಿಳುಪಿಗೂ ಇದೇ ಪದ. ಉಪ್ಪುನೀರಿನ ಪೊರೆ ಮಾತ್ರ ಬಹುಮಟ್ಟಿಗೆ ಎಳೆಎಳೆಯಾದ ಶಿಲೀಂಧ್ರವಲ್ಲ. ಗಾಳಿಯನ್ನು ಬಯಸುವ, ಏಕಕೋಶದ ಯೀಸ್ಟ್. ಪದ ಈ ಭೇದವನ್ನು ಎಣಿಸುವುದಿಲ್ಲ. ಅದು ಹೇಳುವುದು ಪದಾರ್ಥ ಕೆಟ್ಟಿತೆಂಬ ತೀರ್ಪನ್ನು. ಉಪ್ಪಿನಕಾಯಿಯ ಮಟ್ಟಿಗೆ ಆ ತೀರ್ಪು ಸರಿಯೇ: ಈ ಯೀಸ್ಟ್ ಕಾಪಿಡುವ ಹುಳಿಯನ್ನೇ ತಿಂದು ಕೊಳೆಸುವ ಜೀವಿಗಳಿಗೆ ದಾರಿ ಬಿಡುತ್ತದೆ. ಮಿಡಿಯ ಮೇಲೆ ಭಾರ ಹೇರಿ ನೀರಿನಲ್ಲಿ ಮುಳುಗಿಸಿಡುವುದು ಇದನ್ನು ತಡೆಯಲೆಂದೇ.

ಸ್ಪೇನಿನ ಹೆರೆಸ್‌ನಲ್ಲಿ ಇಂತಹುದೇ ಪೊರೆಯನ್ನು ಬೇಕೆಂದೇ ಬೆಳೆಸುತ್ತಾರೆ. ಶೇಕಡಾ 15ರಷ್ಟು ಮದ್ಯಸಾರವಿರುವ ದ್ರಾಕ್ಷಾರಸವನ್ನು ಪೀಪಾಯಿಯಲ್ಲಿ ಪೂರ್ತಿ ತುಂಬದೆ ಬಿಟ್ಟರೆ ಮೇಲೆ ಯೀಸ್ಟ್ ಹರಡಿ, ಕೆಳಗಿನ ರಸಕ್ಕೆ ಗಾಳಿ ಸೋಕದಂತೆ ಕಾಯುತ್ತದೆ. ಅದರ ಹೆಸರು ‘ಫ್ಲೋರ್’, ಎಂದರೆ ಹೂ. ಕ್ರಿ.ಶ. ಒಂದನೆಯ ಶತಮಾನದ ರೋಮಿನ ಪ್ಲಿನಿಯೂ ದ್ರಾಕ್ಷಾರಸದ ಬಿಳಿಯ ‘ಹೂ’ವನ್ನು ಶುಭಲಕ್ಷಣವೆಂದೇ ಎಣಿಸಿದ್ದಾನೆ.

ಇದನ್ನು ಕನ್ನಡಿಸುವವರು ಬೂಷ್ಟು ಎಂದರೆ ಅರ್ಥ ತಿರುಗುಮುರುಗಾಗುತ್ತದೆ. ‘ಕೆನೆ’ಯಲ್ಲಿ ಮೆಚ್ಚುಗೆಯಿದೆ, ಆದರೆ ಹಾಲಿನ ಕೆನೆಗೆ ಜೀವವಿಲ್ಲ. ‘ಹಾವಸೆ’ಗೆ ಜೀವವಿದೆ, ಅದು ಹಸಿರು, ಜೊತೆಗೆ ಕಾಲು ಜಾರಿಸುವ ಅಪಖ್ಯಾತಿ ಬೇರೆ. ಉಳಿಯುವುದು ‘ಹೂ’. ಕಣ್ಣುಗುಡ್ಡೆಯ ಮೇಲೆ ಬೀಳುವ ಬಿಳಿಯ ಕಲೆಗೆ ಹೂ ಎನ್ನುವ ರೂಢಿ ಕನ್ನಡದಲ್ಲಿ ಮೊದಲಿನಿಂದಲೂ ಇರುವುದರಿಂದ ಇದು ಬರಿಯ ಶಬ್ದಾನುವಾದವೂ ಆಗಲಾರದು.

ಪೊರೆಗೆ ಹೀಗೆ ಹೆಸರು ದೊರೆತರೂ ಪೊರೆ ಕಟ್ಟುವ ಜೀವಿಯ ವಿಷಯದಲ್ಲಿ ತೊಡಕಿದೆ. 1909ರಲ್ಲಿ ಮೈಸೂರಿನಿಂದ ಆರ್. ಶಾಮಶಾಸ್ತ್ರಿಗಳು ಪ್ರಕಟಿಸಿದ ಅರ್ಥಶಾಸ್ತ್ರದ ಸುರಾಧ್ಯಕ್ಷ ಪ್ರಕರಣದಲ್ಲಿ ‘ಕಿಣ್ವ’ ಎಂದರೆ ಉದ್ದು, ಅಕ್ಕಿಗಳಿಂದ ಸಿದ್ಧಪಡಿಸಿದ, ಮದ್ಯ ಹುದುಗಿಸುವ ವಸ್ತು. ಯೀಸ್ಟಿಗೆ ಒಪ್ಪಬಹುದಾಗಿದ್ದ ಈ ಪದವನ್ನು ಕನ್ನಡದ ವಿಜ್ಞಾನ ಪಠ್ಯಗಳು ಎಂಜೈಮಿಗೆ ಕೊಟ್ಟುಬಿಟ್ಟಿವೆ. ಇದು ಪೂರಾ ಅಸಂಗತವೇನಲ್ಲ: 19ನೆಯ ಶತಮಾನದ ಜರ್ಮನಿಯಲ್ಲಿ ಹುಟ್ಟಿದ ‘ಎಂಜೈಮ್’ ಪದಕ್ಕೂ ಗ್ರೀಕಿನ ಮೂಲಾರ್ಥ ‘ಹುದುಗಿನಲ್ಲಿರುವುದು’ ಎಂದೇ. ಸಕಲೇಶಪುರದ ಕಾಫಿ ತೋಟಗಳಲ್ಲಿ ಸಿಪ್ಪೆ ಸುಲಿದ ಬೀಜವನ್ನು ತೊಟ್ಟಿಯಲ್ಲಿ ಹುದುಗಲು ಬಿಟ್ಟಾಗ ಅದರ ಲೋಳೆಯನ್ನು ಕರಗಿಸುವುದರಲ್ಲಿ ಪಠ್ಯದ ಕಿಣ್ವಕ್ಕೂ ಪಾಲಿದೆ, ಕೌಟಿಲ್ಯನ ಕಿಣ್ವದಲ್ಲಿ ಅಡಗಿದ್ದಂತಹ ಸೂಕ್ಷ್ಮಜೀವಿಗಳಿಗೂ ಪಾಲಿದೆ.